ಎತ್ತರದವರು ಹಿಂದೆ

ಗಡಿಯಲ್ಲಿ ಯುದ್ಧ ಶುರುವಾದ ವಾರ ಗೌರಿಬಿದನೂರಿನ ನಮ್ಮ ಕಾಲೇಜಿನಲ್ಲಿ ಮಾಕ್ ಡ್ರಿಲ್ ಇಟ್ಟುಕೊಂಡರು. ನಾನಲ್ಲಿ ಫೋಟೊಗ್ರಾಫರ್. ಐಡಿ ಕಾರ್ಡಿಗೆ ಮುಖಗಳು, ಸಮಾರಂಭಗಳು, ವರ್ಷದ ಕೊನೆಗೆ ತರಗತಿಗಳ ಗ್ರೂಪ್ ಫೋಟೊ. ಓದು ಮುಗಿಸಿ ಸೇರಿದ ಮೊದಲ ಕೆಲಸ.

ಸೈರನ್ ಆದೊಡನೆ ಕೆಲವರು ಗಾಯಾಳುಗಳಾಗಿ ಮಲಗಬೇಕು. ಒಬ್ಬ ನುಸುಳುಕೋರನಾಗಬೇಕು, ಉಳಿದವರು ಅವನನ್ನು ಹಿಡಿಯಬೇಕು. ಅರಿಶಿನಕ್ಕೆ ಸುಣ್ಣ ಕಲಸಿ ಬಕೆಟ್ಟಿನಲ್ಲಿ ಓಕುಳಿಯ ರಕ್ತ ಸಿದ್ಧವಾಗಿತ್ತು.

"ನುಸುಳುಕೋರ ಯಾರಾಗ್ತೀರಪ್ಪ?" ಎಂದು ಮೇಷ್ಟ್ರು ಕೇಳಿದರು.

"ಅಲೀಪುರದೋನು ಇದಾನಲ್ಲ ಸಾರ್. ಮೇಕಪ್ಪೇ ಬೇಡ," ಎಂದ ಹಿಂದಿನಿಂದ ಒಬ್ಬ.

ಎಲ್ಲರೂ ನಕ್ಕರು. ಅಲೀಪುರ ಪಕ್ಕದ ಮುಸ್ಲಿಮರ ಊರು. ಅಲ್ಲಿಂದ ಬರುತ್ತಿದ್ದ ಆ ಹುಡುಗನೂ ನಕ್ಕ. "ಬಿರಿಯಾನಿ ಕೊಡ್ಸಿದ್ರೆ ಆಗ್ತೀನಿ ಕಣ್ರೋ."

ಮೈದಾನದ ಅಂಚಿನಲ್ಲಿ ಅವನನ್ನು ಹಿಡಿದರು. ಮೊದಲ ಏಟು ನಾಟಕದ್ದೇ ಇರಬೇಕು. ಮುಂದಿನದಕ್ಕೆ ಅವನ ಕನ್ನಡಕ ಹಾರಿತು. ಕೆಳಗೆ ಬಿದ್ದವನ ಪಕ್ಕೆಗೆ ಬೂಟುಗಾಲುಗಳು ಬಿದ್ದವು. ಲಾಠಿಯೆಂದು ಕೊಟ್ಟಿದ್ದ ಬಿದಿರುಕೋಲು ಹುಬ್ಬಿನ ಮೇಲೆ ಇಳಿದು ಚರ್ಮ ಬಿರಿಯಿತು. ಓಕುಳಿಯ ಕೆಂಪು ತೆಳುವು. ಲೆನ್ಸಿನಲ್ಲಿ ನಾನು ಕಂಡದ್ದು ದಪ್ಪಗೆ, ಕಣ್ಣಿನೊಳಕ್ಕೆ ಇಳಿಯುತ್ತಿತ್ತು.

"ಬಿಡ್ರೋ, ನಿಜವಾಗ್ಲೂ ಕಣ್ರೋ," ಎಂದು ಅವನು ಅರಚಿದ.

"ಏನ್ ಆಕ್ಟಿಂಗ್ ನೋಡೋ," ಎಂದು ಮೆಟ್ಟಿಲ ಮೇಲಿದ್ದವರು ಚಪ್ಪಾಳೆ ತಟ್ಟಿದರು.

ನಿಲ್ಲಿಸಿ ಎಂದು ಕೂಗಿದೆ. ಯಾರೂ ತಿರುಗಲಿಲ್ಲ. ಕೋಲು ಮತ್ತೆ ಮೇಲೆದ್ದಿತು. ಆ ಕಾಲೇಜಿನಲ್ಲಿ ನನ್ನ ಒಂದೇ ಮಾತಿಗೆ ಬೆಲೆಯಿತ್ತು. ಅದನ್ನೇ ಆಡಿದೆ.

"ಗ್ರೂಪ್ ಫೋಟೊ. ಎತ್ತರದೋರು ಹಿಂದೆ. ಬೇಗ."

ಕೋಲು ಗಾಳಿಯಲ್ಲೇ ನಿಂತಿತು. ಒಬ್ಬ ಕೂದಲು ಸರಿಮಾಡಿಕೊಂಡ, ಇನ್ನೊಬ್ಬ ಅಂಗಿಯನ್ನು ಪ್ಯಾಂಟಿನೊಳಗೆ ತುರುಕಿಕೊಂಡ. ಸಾಲು ತಾನಾಗಿಯೇ ಆಯಿತು.

"ಇವನ್ನ ಎಲ್ಲಿ ನಿಲ್ಸೋದು ಮೇಡಂ?"

"ಮುಂದೆ. ನನ್ನ ಹತ್ರ."

ಇಬ್ಬರು ಕಂಕುಳಿಗೆ ಕೈಕೊಟ್ಟು ಅವನನ್ನು ಎತ್ತಿದರು. ಒಂದು ಸಲ ಕ್ಲಿಕ್ಕಿಸಿ, ಅವನ ತೋಳು ಹಿಡಿದು ಸ್ಕೂಟರಿನತ್ತ ನಡೆಸಿದೆ. "ಇನ್ನೊಂದು ಮೇಡಂ, ಕಣ್ಣು ಮುಚ್ಬಿಟ್ಟೆ," ಎಂದು ಹಿಂದಿನಿಂದ ಯಾರೋ ಕೂಗುತ್ತಿದ್ದರು. ಅವನ ರಕ್ತ ನನ್ನ ಭುಜಕ್ಕೆ ಬೆಚ್ಚಗೆ ಹತ್ತಿತು.

ಆಸ್ಪತ್ರೆಯಲ್ಲಿ ಹುಬ್ಬಿಗೆ ಹೊಲಿಗೆ ಹಾಕಿದರು. ಪಕ್ಕೆಲುಬು ಮುರಿದಿತ್ತು. ಕಣ್ಣು ಉಳಿಯಿತು.

ಮರುದಿನ ಪ್ರಿನ್ಸಿಪಾಲರು ಕರೆಸಿದರು. ಹುಡುಗ ಎಡವಿ ಬಿದ್ದದ್ದು, ಉಳಿದದ್ದೆಲ್ಲ ಬಣ್ಣ ಎಂದರು. ಪ್ರಿಂಟ್ ಹಾಕಿಸಿದ್ದ ಗ್ರೂಪ್ ಫೋಟೊವನ್ನು ಅವರ ಮುಂದಿಟ್ಟೆ. ಕೋಲು ಹಿಡಿದವನು ಹಿಂದಿನ ಸಾಲಿನಲ್ಲಿ ನಗುತ್ತಿದ್ದ. ಮುಂದೆ ನಿಂತ ಹುಡುಗನ ಮುಖ ರಕ್ತದಡಿ ಅರ್ಧವೇ ಕಾಣುತ್ತಿತ್ತು.

ಅವರು ಚಿತ್ರವನ್ನು ಮಗುಚಿಟ್ಟರು. "ಇದನ್ನ ಕ್ಯಾಮೆರಾದಿಂದ ಅಳಿಸ್ಬಿಡಮ್ಮ."

"ಆ ಹುಡುಗನ ಅಪ್ಪ ಬೆಳಿಗ್ಗೆನೇ ಇನ್ನೊಂದು ಪ್ರಿಂಟು ಪೊಲೀಸ್ ಸ್ಟೇಷನ್ನಿಗೆ ತಗೊಂಡು ಹೋದ್ರು ಸಾರ್," ಎಂದೆ. ಕ್ಯಾಮೆರಾ ಕಾಲೇಜಿನದು. ಕೊರಳಿನಿಂದ ತೆಗೆದು ಚಿತ್ರದ ಪಕ್ಕದಲ್ಲಿಟ್ಟು ಹೊರಟೆ.