ಅಂಗೈಯಲ್ಲಿ ಹಿಡಿದ ಇಲಿಮರಿಗಳು

ವಾಡಿಯ ಸುಮಂಗಲಾ ಸೇಡಂನ ಔಷಧ ವಿಜ್ಞಾನ ಕಾಲೇಜಿನಲ್ಲಿ ಸಂಶೋಧನೆಗೆ ಸೇರಿದಾಗ ಅವಳ ಪಾಲಿಗೆ ಬಂದದ್ದು ಬಿಳಿ ಇಲಿಗಳು. ಆಗಷ್ಟೇ ಹುಟ್ಟಿದ ಕೆಲವು ಮರಿಗಳನ್ನು ದಿನಾ ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದು ಮತ್ತೆ ತಾಯಿಯ ಹತ್ತಿರ ಬಿಡಬೇಕು. ಉಳಿದವನ್ನು ಮುಟ್ಟಬಾರದು. ದೊಡ್ಡವಾದ ಮೇಲೆ ಯಾವುವು ಗಾಬರಿಯಿಂದ ಬೇಗ ಚೇತರಿಸಿಕೊಳ್ಳುತ್ತವೆ ಎಂದು ನೋಡಬೇಕು.

ಮರಿಗಳಿಗೆ ರಜೆ ಇಲ್ಲ. ತಮ್ಮ ಅಜಯಕುಮಾರನ ನಿಶ್ಚಿತಾರ್ಥದ ದಿನವೂ ಅವಳು ಬೆಳಗಿನ ರೈಲಿಗೆ ಹೊರಟು ನಿಂತಳು.

“ಮನ್ಯಾಗ ಮಂದಿ ಬರಾಕತ್ತಾರ, ನೀ ಇಲಿಮರಿ ಆಡಸ್ಲಿಕ್ಕ ಹೊಂಟಿ,” ಎಂದಳು ತಾಯಿ ದ್ರೌಪದಿ.

“ನಾ ಬರೀ ಹಿಡೀತೀನವ್ವ. ತಿರುಗಿ ಬಿಟ್ಟ ಕೂಡ್ಲೇ ಅವುಗಳವ್ವ ಎಷ್ಟು ನೆಕ್ತದ ಅಂತಿ! ಊಟದ ಹೊತ್ತಿಗಿ ಬರ್ತೀನಿ.”

ಮರಿಗಳು ಬೆಳೆದವು. ಪರೀಕ್ಷೆಗೆ ಮೊದಲು ಜೊತೆಯ ಸಂಶೋಧಕಿ ಜೈಬುನ್ನೀಸಾ ಅವುಗಳ ಬಾಲಕ್ಕೆ ಹಸಿರು, ಕಪ್ಪು ಬಣ್ಣ ಹಚ್ಚಿದಳು. ಯಾವ ಬಣ್ಣ ಯಾವ ಗುಂಪಿನದು ಎಂದು ಸುಮಂಗಲಾಗೆ ಹೇಳಲಿಲ್ಲ. ನೋಡುವವರ ಕಣ್ಣು ಒಂದು ಕಡೆ ವಾಲಬಾರದಲ್ಲ.

ಒಂದೊಂದೇ ಇಲಿಯನ್ನು ಬೆಳಕು ತುಂಬಿದ ಅಗಲ ಪೆಟ್ಟಿಗೆಯಲ್ಲಿ ಬಿಟ್ಟು, ನಡುವೆ ಗಂಟೆ ಬಾರಿಸಿದರು. ಕಪ್ಪು ಬಾಲದವು ಮೂಲೆ ಹಿಡಿದು ಮುದುರಿ ಕೂತವು, ಹೆಚ್ಚಿನವು ಕೊನೆಯತನಕ ಏಳಲೇ ಇಲ್ಲ. ಹಸಿರಿನವೂ ಬೆಚ್ಚಿದವು, ಆದರೆ ಸ್ವಲ್ಪ ಹೊತ್ತಿಗೆ ಮೂಗು ಅಲ್ಲಾಡಿಸುತ್ತ ಪೆಟ್ಟಿಗೆಯ ನಡುಭಾಗಕ್ಕೇ ಬಂದವು. ಸುಮಂಗಲಾ ಜೈಬುನ್ನೀಸಾಳತ್ತ ತಿರುಗಿದಳು.

“ಹಸಿರು ಯಾವುವು? ಈಗಾರ ಹೇಳು.”

“ಪೂರಾ ಮುಗೀಲಿ, ತಡಿ,” ಎಂದಳು ಜೈಬುನ್ನೀಸಾ, ನಗು ತಡೆದುಕೊಂಡು.

ಕೊನೆಯ ಇಲಿ ಗೂಡಿಗೆ ಹೋಯಿತು. “ಹಸಿರಿನವು ನೀ ಹಿಡಿದಂಥವು.”

ಸುಮಂಗಲಾ ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಒತ್ತಡದ ಹಾರ್ಮೋನು ಹಸಿರಿನವುಗಳ ರಕ್ತದಲ್ಲಿ ಬೇಗ ಇಳಿದಿತ್ತು ಎಂಬ ವರದಿಯೂ ವಾರದೊಳಗೆ ಬಂತು.

ಮಾರ್ಗದರ್ಶಕ ಸಂಗಮೇಶ್ವರ ಸರ್ ಮಾತ್ರ, “ಒಂದ್ ಸಲಕ್ಕ ನಂಬಬ್ಯಾಡ. ಬ್ಯಾರೆ ತಾಯಿ ಮರಿ ತೊಗೊಂಡು ಮತ್ತ ಮಾಡು,” ಎಂದರು. ಅವಳು ಮತ್ತೆ ತಿಂಗಳುಗಟ್ಟಲೆ ರೈಲು ಹತ್ತಿದಳು. ಫಲಿತಾಂಶ ಬದಲಾಗಲಿಲ್ಲ.

ಕಲಬುರಗಿಯ ವಿಚಾರ ಸಂಕಿರಣದಲ್ಲಿ ಅವಳು ಮಾತಾಡಿದ ದಿನ, ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ತಂದೆ ಭೀಮಶ್ಯಾ ಹಿಂದಿನ ಸಾಲಿನಲ್ಲಿ ಕೂತಿದ್ದ. ಸಭೆಯಲ್ಲಿ ಒಬ್ಬರು ಎದ್ದು ಕೇಳಿದರು: “ಇದು ನಿಮ್ಮ ಕೈಯಿಂದ ಆಯ್ತೋ, ತಾಯಿ ಹೆಚ್ಚು ನೆಕ್ಕಿದ್ದರಿಂದಲೋ?”

“ಇನ್ನೂ ಗೊತ್ತಿಲ್ರಿ,” ಎಂದಳು, ಮುಖ ಅರಳಿತ್ತು. “ಮುಂದ ಅದನ್ನೇ ಹುಡುಕ್ತೀನಿ.”