ದೋಣಿಗೆ ಬಳಿದು ಉಳಿದ ನೀಲಿ

ನನ್ನ ಕೈಯಿಂದ ಇನ್ನೂ ಟರ್ಪೆಂಟೈನ್ ವಾಸನೆ ಹೋಗಿಲ್ಲ. ಸೋಪು ಹಾಕಿ ತೊಳೆದೆ, ಕಡಲೆಹಿಟ್ಟು ಹಾಕಿ ಉಜ್ಜಿದೆ, ಆದರೂ ಚಹಾದ ಲೋಟ ಬಾಯಿಯ ಹತ್ತಿರ ತಂದರೆ ಮತ್ತೆ ಅದೇ. ಕೈಯಾದರೆ ಸರಿ, ಎಡಗಿವಿಯ ಮೇಲಿನ ಕೂದಲಿಗೂ ಅದೇ ವಾಸನೆ. ಅದು ಹೇಗೆ ಅಲ್ಲಿಗೆ ಹೋಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ತಿಳಿದರೆ ಸಾಕು: ಮನೆಯ ಬಾಗಿಲು ಕಿಟಕಿಗಳಿಗೆ ನಾನೇ ಬಣ್ಣ ಬಳಿಯುತ್ತಿದ್ದೇನೆ, ಅದೂ ಒಂದೇ ವರ್ಷದಲ್ಲಿ ಎರಡನೇ ಸಲ.

ನಮ್ಮದು ಶಿರಿಯದ ಕಡಲ ಬದಿಯ ಮನೆ. ಅಪ್ಪನಿಗೆ ಒಂದು ದೋಣಿ ಇತ್ತು. ಆಟಿ ತಿಂಗಳ ಮಳೆಗೆ ಕಡಲು ಮುನಿದು ದೋಣಿಗಳೆಲ್ಲ ಮರಳಿನ ಮೇಲೆ ಕೂತಾಗ ಅವಕ್ಕೆ ಹೊಸ ಬಣ್ಣ. ದೋಣಿಗೆ ಬಳಿದು ಉಳಿದದ್ದು ಮನೆಯ ಬಾಗಿಲಿಗೆ. ಹಾಗಾಗಿ ನಮ್ಮ ಕೇರಿಯಲ್ಲಿ ಬಾಗಿಲು ನೋಡಿದರೆ ಯಾವ ದೋಣಿಯವರ ಮನೆ ಎಂದು ಗೊತ್ತಾಗುತ್ತಿತ್ತು. ಹಸಿರಿನವರು, ಕೆಂಪಿನವರು ಇದ್ದರು. ನಾವು ನೀಲಿ. ಜೇಬಿನೊಳಗೆ ಪೆನ್ನು ಒಡೆದರೆ ಅಂಗಿಯ ಮೇಲೆ ಕಾಣುತ್ತದಲ್ಲ, ಆ ನೀಲಿ.

"ಉಪ್ಪುನೀರಿಗೇ ಬಗ್ಗದ ಆಯಿಲ್ ಪೈಂಟ್ ಇದು, ಬಾಗಿಲಲ್ಲಿ ನೂರು ವರ್ಷ ನಿಲ್ತದೆ" ಎನ್ನುತ್ತಿದ್ದರು ಅಪ್ಪ. ನಿಲ್ಲುತ್ತಿತ್ತು, ನಿಜ. ಒಣಗುತ್ತಿರಲಿಲ್ಲ. ಆ ಮಳೆಯಲ್ಲಿ ಯಾವುದು ತಾನೇ ಒಣಗುತ್ತದೆ? ಒರಗಿದವರೆಲ್ಲ ನೀಲಿ. ನನ್ನ ಶಾಲೆಯ ಬಿಳಿ ಅಂಗಿಯ ಬೆನ್ನಿಗೆ ಪ್ರತಿ ವರ್ಷ ತಪ್ಪದೆ ಒಂದು ನೀಲಿ ಪಟ್ಟೆ. ಕ್ಲಾಸಿನೊಳಗೆ ಕಾಲಿಟ್ಟರೆ ಹುಡುಗಿಯರು "ಏ, ದೋಣಿ ಬಂತು ನೋಡಿ!" ಎನ್ನುತ್ತಿದ್ದರು. ದೊಡ್ಡವಳಾದ ಮೇಲೆ ಈ ಬಾಗಿಲುಗಳನ್ನೆಲ್ಲ ಬೆಳ್ಳಗೆ ಮಾಡದಿದ್ದರೆ ನನ್ನ ಹೆಸರು ಬದಲಿಸಿ ಎಂದು ಅಳುತ್ತಾ ಶಪಥ ಮಾಡಿದ್ದೆ.

ದೊಡ್ಡವಳಾದೆ, ಟೀಚರಾದೆ. ಅಪ್ಪ ತೀರಿಕೊಂಡರು, ದೋಣಿಯೂ ಹೋಯಿತು. ಶಪಥ ಮಾತ್ರ ಹಾಗೆಯೇ ಉಳಿದಿತ್ತು. ಬಣ್ಣದ ಮಾತೆತ್ತಿದರೆ ಅಮ್ಮ, "ನೀಲಿ ಇರಲಿ ಮಗಾ, ನಿನಗೆಂತ ಕಚ್ಚುತ್ತದಾ ಅದು?" ಎನ್ನುತ್ತಿದ್ದಳು. ಅಮ್ಮ ಇದನ್ನು ಹೇಳುವುದು ತುಳುವಿನಲ್ಲಿ, ಕನ್ನಡಕ್ಕೆ ತಂದರೆ ಸ್ವಲ್ಪ ಉಪ್ಪು ಕಡಿಮೆಯಾಗುತ್ತದೆ. ಅಪ್ಪನ ನೆನಪು, ಪಾಪ ಎಂದುಕೊಂಡು ನಾನು ಸುಮ್ಮನಾಗುತ್ತಿದ್ದೆ. ಕಳೆದ ಬೇಸಿಗೆ ರಜೆಯಲ್ಲಿ ಸುಮ್ಮನಾಗಲಿಲ್ಲ. ಕಾಸರಗೋಡಿಗೆ ಹೋಗಿ ಅಂದುಚ್ಚನ ಅಂಗಡಿಯಲ್ಲಿ ನೀರು ಬೆರೆಸುವ ಬಿಳಿ ಪೈಂಟ್ ಕೇಳಿದೆ. ವಾಸನೆ ಇಲ್ಲ, ಗಂಟೆಯೊಳಗೆ ಒಣಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು.

ಅಂದುಚ್ಚ ಡಬ್ಬಿ ಕೊಡುವ ಮೊದಲು ಕೇಳಿದ. "ಟೀಚರೆ, ಅಡಿಯಲ್ಲಿ ಎಂತ ಉಂಟು? ಬಟ್ಟೆಗೆ ಸ್ಪಿರಿಟ್ ಹಾಕಿ ಉಜ್ಜಿ ನೋಡಿ. ಬಣ್ಣ ಬಟ್ಟೆಗೆ ಬಂದರೆ ನೀರಿನದ್ದು. ಎಷ್ಟು ಉಜ್ಜಿದರೂ ಬರದಿದ್ದರೆ ಆಯಿಲ್. ಆಯಿಲ್ ಆದರೆ ಮರಳು ಕಾಗದದಲ್ಲಿ ಚೆಂದ ಕೆರೆದು, ಪ್ರೈಮರ್ ಕೊಟ್ಟು, ಆಮೇಲೆ ಇದು. ಇಲ್ಲದಿದ್ದರೆ ಹಿಡಿಯುದಿಲ್ಲ, ಆಯ್ತಾ?"

"ಗೊತ್ತುಂಟು, ಗೊತ್ತುಂಟು" ಎಂದೆ. ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ಇಷ್ಟು ವರ್ಷ ಮಕ್ಕಳಿಗೆ ಬೊಬ್ಬೆ ಹೊಡೆದವಳು ನಾನು. ಕೆರೆಯಲಿಲ್ಲ. ಪ್ರೈಮರ್ ಕೊಡಲಿಲ್ಲ. ಎರಡೇ ದಿನದಲ್ಲಿ ಬಾಗಿಲು, ದಾರಂದದ ಚೌಕಟ್ಟು, ಕಿಟಕಿ ಎಲ್ಲವೂ ಗೋಡೆಯಷ್ಟೇ ಬೆಳ್ಳಗಾದವು. ಹಾದಿಯಲ್ಲಿ ಹೋಗುವವರನ್ನೂ ಕರೆದು ತೋರಿಸಿದೆ.

ವಾರ ಕಳೆಯುವುದರೊಳಗೆ ಬಿಳಿ ಏಳತೊಡಗಿತು. ಇವತ್ತು ಕೋಣೆಯ ಬಾಗಿಲಲ್ಲಿ ಒಂದು ಗೇಣು ನೀಲಿ, ನಾಳೆ ಬಚ್ಚಲಿನ ಬಾಗಿಲಲ್ಲಿ. ಕೋಪ ನೆತ್ತಿಗೇರಿ ಫೋನಿನಲ್ಲಿ ಫೋಟೋ ಹಿಡಿದುಕೊಂಡು ಅಂದುಚ್ಚನ ಮೇಲೆ ಜಗಳಕ್ಕೆ ಹೋದೆ. ಅವನು ಕನ್ನಡಕ ಏರಿಸಿ, ಫೋಟೋ ದೊಡ್ಡದು ಮಾಡಿ ನೋಡಿದ.

"ಕೆರೆದಿದ್ದೀರಾ?"

ನಾನು ಬೆರಳಿನಿಂದ ಸರಿಸಿ ಮುಂದಿನ ಫೋಟೋ ತೋರಿಸಿದೆ.

"ಕೆರೆಯಲಿಲ್ಲ. ಅದು ಇರಲಿ. ಆದರೆ ಟೀಚರೆ, ಇದು ತಾನಾಗಿ ಎದ್ದದ್ದಲ್ಲ. ಎಲ್ಲಾ ಬಾಗಿಲಲ್ಲಿಯೂ ಒಂದೇ ಎತ್ತರಕ್ಕೆ ಎದ್ದಿದೆ ನೋಡಿ. ಯಾರೋ ಉಗುರು ಹಾಕಿದ್ದು. ಮನೆಯಲ್ಲಿ ಬೆಕ್ಕು ಉಂಟಾ?"

ಬೆಕ್ಕು ಇರಲಿಲ್ಲ. ಮನೆಯಲ್ಲಿ ಇರುವುದು ನಾವಿಬ್ಬರೇ. ಬಸ್ಸಿನುದ್ದಕ್ಕೂ ಕುದಿಯುತ್ತಾ ಬಂದೆ. ಚಪ್ಪಲಿ ಕಳಚುವ ಮೊದಲೇ ಕಣ್ಣಿಗೆ ಬಿತ್ತು. ಅಮ್ಮ ಅಡುಗೆಮನೆಯ ಮುಚ್ಚಿದ ಬಾಗಿಲ ಮುಂದೆ ನಿಂತು, ಬಾಳೆದಿಂಡಿನ ಸಿಪ್ಪೆ ಎಳೆಯುವ ಹಾಗೆ, ನನ್ನ ಬಿಳಿ ಬಣ್ಣವನ್ನು ನಿಧಾನವಾಗಿ ಎಳೆಯುತ್ತಿದ್ದಳು.

"ಅಪ್ಪನ ನೀಲಿ ಅಷ್ಟು ಬೇಕಿದ್ದರೆ ಬಾಯಿಬಿಟ್ಟು ಹೇಳಬೇಕಿತ್ತು! ನನ್ನ ಸೊಂಟ ಮುರಿದದ್ದು ನಿನಗೆ ಆಟವಾ?" ಎಂದು ಕಿರುಚಿದೆ.

ಅಮ್ಮ ಸಿಪ್ಪೆಯನ್ನು ಬೆರಳಿಗೆ ಸುತ್ತಿಕೊಂಡಳು. "ಅಪ್ಪನದ್ದೆಂತದು? ಗೋಡೆಯೂ ಬಿಳಿ, ಬಾಗಿಲೂ ಬಿಳಿ. ಬಾಗಿಲು ಎಲ್ಲಿ ಉಂಟು ಅಂತ ನನಗೆ ಕಾಣುದಿಲ್ಲ ಮಗಾ. ನೀಲಿ ಆದರೆ ಸ್ವಲ್ಪ ಗೊತ್ತಾಗ್ತದೆ."

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ಎಷ್ಟು ವರ್ಷದಿಂದ ಕಣ್ಣು ಮಂಜು ಎಂದು ಕೇಳಿದರೆ ಅಮ್ಮ ಸರಿಯಾಗಿ ಹೇಳಲಿಲ್ಲ. ಹೇಳಿದರೆ ಆಪರೇಷನ್ ಅನ್ನುತ್ತಾರೆ, ಕಣ್ಣಿಗೆ ಕತ್ತಿ ಹಾಕುತ್ತಾರೆ ಎಂಬ ಹೆದರಿಕೆ ಅವಳಿಗೆ. ಹಿಂದಿನ ಬೆಂಚಿನ ಮಗು ಕಣ್ಣು ಕಿರಿದು ಮಾಡಿದರೆ ಆ ದಿನವೇ ಮನೆಗೆ ಚೀಟಿ ಕಳಿಸುವ ಟೀಚರ್ ನಾನು. ನನ್ನ ಮನೆಯಲ್ಲಿ ನನ್ನ ಅಮ್ಮ ನೀಲಿ ಬಣ್ಣ ಹಿಡಿದುಕೊಂಡು ನಡೆಯುತ್ತಿದ್ದಳು, ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ನಾಚಿಕೆಯಿಂದ ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಅತ್ತು, ಬೈದು, ಬೈಸಿಕೊಂಡು, ಅಂತೂ ಆಸ್ಪತ್ರೆಗೆ ಹೋದೆವು. ಮೊದಲು ಒಂದು ಕಣ್ಣು, ಮಳೆಗಾಲ ಮುಗಿದ ಮೇಲೆ ಇನ್ನೊಂದು. ಅಷ್ಟರೊಳಗೆ, ಅಮ್ಮನಿಗೆ ಬಾಗಿಲು ಗೊತ್ತಾಗಲಿ ಎಂದು, ಉಳಿದ ಬಿಳಿಯನ್ನೂ ನಾನೇ ಎಳೆದು ತೆಗೆದಿದ್ದೆ. ಎರಡೂ ಕಣ್ಣು ತೆರೆದು ಮನೆಯೊಳಗೆ ಬಂದ ಅಮ್ಮ ಬಾಗಿಲುಗಳನ್ನು ಒಂದೊಂದಾಗಿ ನೋಡಿದಳು. ನಾನು ನೀಲಿಯನ್ನು ಮುಟ್ಟುವುದಿಲ್ಲ ಎಂದು ಮಾತು ಕೊಡಲು ಬಾಯಿ ತೆರೆದಿದ್ದೆ.

"ಶೀ!" ಎಂದಳು ಅಮ್ಮ. "ಇದರೊಳಗಾ ನಾವು ಇಷ್ಟು ವರ್ಷ ಇದ್ದದ್ದು? ನಿನ್ನ ಅಪ್ಪನಿಗೆ ನನಗಿಂತ ಮೊದಲೇ ಪೊರೆ ಬಂದಿತ್ತೋ ಎಂತದೋ! ಬಿಳಿ ಮಾಡು ಮಾರಾಯ್ತಿ. ಈ ಸಲ ಕೆರೆದು ಮಾಡು."

ಹಾಗೆ ನಾಲ್ಕು ಭಾನುವಾರ ಕೆರೆದೆ. ಮೂಗಿಗೆ ಬಟ್ಟೆ ಕಟ್ಟಿ, ನೀಲಿ ಹುಡಿಯಲ್ಲಿ ಮಿಂದು ಕೆರೆದೆ. ಅಂದುಚ್ಚ ಈ ಸಲ ಆಯಿಲ್ ಪೈಂಟನ್ನೇ ಕೊಟ್ಟ, ಆಯಿಲಿನ ಮೇಲೆ ಆಯಿಲ್, ಇನ್ನು ಬೆಕ್ಕಿಗೂ ಕೀಳಲು ಆಗುವುದಿಲ್ಲ ಎಂದ. ಇವತ್ತು ಕೊನೆಯ ಕಿಟಕಿ. ಅಮ್ಮ ಕುರ್ಚಿ ಹಾಕಿ ಕೂತಿದ್ದಳು. "ಅಲ್ಲಿ ಬಿಟ್ಟೆ. ಇಲ್ಲಿ ಇಳೀತಾ ಉಂಟು. ಮೂಲೆಯಲ್ಲಿ ಎಂತ, ಜೇಡನಿಗೂ ಪೈಂಟ್ ಕೊಟ್ಟದ್ದಾ?" ಇಷ್ಟು ಚೆನ್ನಾಗಿ ಕಾಣುವ ಹಾಗೆ ಮಾಡಬೇಕಿರಲಿಲ್ಲ ಡಾಕ್ಟರು.

ಕಿಟಕಿ ಅರ್ಧವಾದಾಗ ಸುಸ್ತಾಗಿ ಅವಳ ಕಾಲ ಬಳಿ ಕೂತೆ. "ತಲೆಗೆಲ್ಲ ಬಿಳಿ ಪೈಂಟ್ ಮಾಡಿಕೊಂಡಿದ್ದಿ, ಬಾ ಇಲ್ಲಿ" ಎಂದು ಟರ್ಪೆಂಟೈನಿನ ಬಟ್ಟೆ ತೆಗೆದುಕೊಂಡು ನನ್ನ ಕಿವಿಯ ಮೇಲಿನ ಕೂದಲು ಉಜ್ಜಿದಳು. ಬಟ್ಟೆ ನೋಡಿದಳು. ಮತ್ತೆ ಉಜ್ಜಿದಳು. ಬಟ್ಟೆಗೆ ಏನೂ ಬಂದಿರಲಿಲ್ಲ.

"ಇದು ಹೋಗುದೇ ಇಲ್ಲವಲ್ಲ ಮಗಾ."

"ಹೋಗುದಿಲ್ಲ ಅಮ್ಮ. ಅದು ಪೈಂಟ್ ಅಲ್ಲ."

ಬಟ್ಟೆ ಹಿಡಿದ ಕೈ ನಿಂತಿತು. "ಯಾವಾಗ ಬಂತು?"

"ಐದಾರು ವರ್ಷ ಆಯ್ತು."

"ನನಗೆ ಹೇಳಲೇ ಇಲ್ಲ ನೀನು."

"ಕಣ್ಣು ಕಾಣುದಿಲ್ಲ ಅಂತ ನೀನು ಹೇಳಿದ್ದೀಯಾ?"

ಇಬ್ಬರಿಗೂ ನಗು ಬಂತು. ನಗುತ್ತಲೇ ನಾನು ಬ್ರಶ್ಶಿಗೆ ಕೈ ಚಾಚಿದೆ, ಪೈಂಟ್ ಒಣಗುವ ಮೊದಲು ಉಳಿದರ್ಧ ಕಿಟಕಿ ಮುಗಿಸಬೇಕಿತ್ತು. ಅಮ್ಮ ಬಿಡಲಿಲ್ಲ. ಗಲ್ಲ ಹಿಡಿದು ನನ್ನ ಮುಖವನ್ನು ಬೆಳಕಿನ ಕಡೆ ತಿರುಗಿಸಿದಳು.

"ಕಿಟಕಿ ಅಲ್ಲೇ ಇರಲಿ, ಎಲ್ಲಿಗೂ ಹೋಗುದಿಲ್ಲ. ಸ್ವಲ್ಪ ಹೀಗೇ ಕೂತುಕೋ. ನಾನು ನೋಡಿ ಆಗಲಿಲ್ಲ."