ಬಾಜು ಸಾಲಿಗೆ ಬಂದ ಕೋಣೆ

ಸರಕಾರಿ ಶಾಲೆಗಳಿಗೆ ಅನುದಾನ ಕೇಳಿ ಪ್ರಸ್ತಾವನೆ ಬರೆಯುವುದು ನನ್ನ ಕೆಲಸ. ಯಾವ ಊರಿನ ಶಾಲೆಗೆ ಕೋಣೆ ಬೇಕು, ಎಲ್ಲಿ ಶೌಚಾಲಯವಿಲ್ಲ, ಯಾವ ಗೋಡೆ ಬಿರಿದಿದೆ ಎಂದು ಮುಖ್ಯಶಿಕ್ಷಕರು ಕಳಿಸಿದ ಫೋಟೊಗಳನ್ನು ನೋಡಿ, ಮೇಲಿನವರ ಮನಸ್ಸಿಗೆ ನಾಟುವಂತೆ ಬರೆದು ಕಳಿಸಬೇಕು. ಬೆಳಗಾವಿಯ ಒಂದು ಕಚೇರಿಯಲ್ಲಿ ಗುತ್ತಿಗೆಯ ನೌಕರಿ. ಪ್ರತಿ ಮಾರ್ಚಿಗೆ ಹೊಸದಾಗಿ ಸಹಿಯಾಗದಿದ್ದರೆ ಏಪ್ರಿಲ್‌ನಿಂದ ಮನೆ. ಅನಗೋಳದ ಬಾಡಿಗೆ ಮನೆಯಲ್ಲಿ ನಾನು ಮತ್ತು ಅವ್ವ, ಇಬ್ಬರೇ. ಹೀಗಾಗಿ ಅಂಜಿಕೆ ನನಗೆ ಹೊಸದಲ್ಲ. ಆದರೆ ಕೆಲವು ವರ್ಷಗಳ ಹಿಂದಿನ ಆ ಜೂನ್ ತಿಂಗಳಲ್ಲಿ ಅಂಜಿದಂತೆ ನಾನು ಹಿಂದೆಂದೂ ಅಂಜಿರಲಿಲ್ಲ.

ಮಂಜೂರಾದ ಕೋಣೆಗಳ ಪಟ್ಟಿ ಅಂದು ಮಧ್ಯಾಹ್ನ ಬಂತು. ಸಾಹೇಬರು ತಮ್ಮ ಕೋಣೆಯಿಂದಲೇ ಕೂಗಿ ಹೇಳಿದರು: "ಮೇಡಂ, ಖಾನಾಪುರದ್ದು ನೀವು ಬರದ ಕಳಿಸಿದ್ದೆಲ್ಲಾ ಪಾಸ್ ಆಗೇತಿ ನೋಡ್ರಿ. ಛಲೋ ಮಾಡೀರಿ."

ಖುಷಿಯಿಂದ ಪಟ್ಟಿ ತೆರೆದೆ. ಕಾಡಂಚಿನ ಒಂದು ಊರಿನ ಹೆಸರು ಕಂಡಿತು. ಅದರ ಮುಂದೆ 'ಮರಾಠಿ' ಎಂದಿತ್ತು.

ಖಾನಾಪುರ ತಾಲೂಕಿನ ಹಲವು ಊರುಗಳಂತೆ ಅಲ್ಲಿಯೂ ಒಂದೇ ಅಂಗಳದಲ್ಲಿ ಎರಡು ಶಾಲೆಗಳಿವೆ, ಒಂದು ಕನ್ನಡದ್ದು, ಒಂದು ಮರಾಠಿಯದು. ಪ್ರತಿ ಶಾಲೆಗೂ ಸರಕಾರ ಒಂದು ಉದ್ದನೆಯ ಸಂಖ್ಯೆ ಕೊಟ್ಟಿರುತ್ತದೆ. ಅಲ್ಲಿಯ ಎರಡು ಶಾಲೆಗಳ ಸಂಖ್ಯೆಯಲ್ಲಿ ಕೊನೆಯ ಎರಡು ಅಂಕಿಗಳಷ್ಟೇ ಬೇರೆ. ಮಾಡು ಹಾಳಾಗಿದ್ದು ಕನ್ನಡ ಶಾಲೆಯದು. ಗೆದ್ದಲು ತಿಂದ ಅದರ ತೊಲೆಯ ಫೋಟೊವನ್ನು ಚಳಿಗಾಲದಲ್ಲಿ ನಾನೇ ದೊಡ್ಡದು ಮಾಡಿ ನೋಡಿ, "ಮಕ್ಕಳ ಜೀವಕ್ಕೆ ಅಪಾಯವಿದೆ" ಎಂದು ಬರೆದಿದ್ದೆ. ಬರೆದದ್ದು ಸರಿ ಇತ್ತು. ಸಂಖ್ಯೆ ಹಾಕುವಾಗ ಬಾಜು ಶಾಲೆಯದನ್ನು ಹಾಕಿದ್ದೆ. ಆ ಶಾಲೆಯ ಕೋಣೆಗಳು ಗಟ್ಟಿಯಾಗಿಯೇ ಇದ್ದವು.

ನನ್ನ ಮೇಲಿನ ನಾಲ್ಕು ಜನ ಅದಕ್ಕೆ ಸಹಿ ಮಾಡಿದ್ದರು. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಗಲೇ ಎದ್ದುಹೋಗಿ ಸಾಹೇಬರಿಗೆ ಹೇಳಬೇಕಿತ್ತು. ನಾನು ಪಟ್ಟಿ ಮುಚ್ಚಿ, ನೀರು ಕುಡಿದು, ಬೇರೆ ಕಡತ ತೆಗೆದೆ.

ಎರಡನೆಯ ದಿನ ಕನ್ನಡ ಶಾಲೆಯ ಮುಖ್ಯಶಿಕ್ಷಕಿ ಫೋನ್ ಮಾಡಿದರು. "ಮೇಡಂ, ನಮ್ಮ ಕೋಣಿ ಬಂದಿಲ್ಲಂತಲ್ಲರೀ? ಬಾಜು ಸಾಲಿಗೆ ಬಂದೈತಿ ಅಂತಾರ. ಹೆಂಗರೀ ಇದು?"

"ನೋಡಿ ಹೇಳತೀನ್ರಿ" ಅಂದೆ. ನೋಡುವುದು ಏನೂ ಉಳಿದಿರಲಿಲ್ಲ.

ಮಳೆ ಹಿಡಿಯಿತು. ಬೆಳಗಾವಿಯಲ್ಲಿ ಜಿಟಿಜಿಟಿ ಎಂದರೆ ಖಾನಾಪುರದ ಕಾಡಿನಲ್ಲಿ ಧೋ ಎಂದು ಸುರಿಯುತ್ತಿರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್ ತೆಗೆದು, ಎಲ್ಲಾದರೂ ಶಾಲೆಯ ಮಾಡು ಕುಸಿದ ಸುದ್ದಿ ಇದೆಯೇ ಎಂದು ಹುಡುಕುತ್ತಿದ್ದೆ. ಇಲ್ಲವೆಂದಾಗ ಒಂದು ದಿನದ ಉಸಿರು ಸಿಗುತ್ತಿತ್ತು. ತಪ್ಪು ಒಪ್ಪಿಕೊಂಡರೆ ನೌಕರಿ ಹೋಗುತ್ತದೆ. ಅದಕ್ಕಿಂತ ದೊಡ್ಡ ದಿಗಿಲು ಇನ್ನೊಂದಿತ್ತು. ಮರಾಠಿ ಶಾಲೆಗೆ ಬಂದದ್ದನ್ನು ಕಿತ್ತು ಕನ್ನಡ ಶಾಲೆಗೆ ಕೊಟ್ಟರು ಎಂದು ಒಬ್ಬರು ಕೂಗಿದರೆ ಸಾಕು, ನಮ್ಮ ಕಡೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

"ಯಾಕ, ರೊಟ್ಟಿ ಹಂಗ ಇಟ್ಟೀಯಲ್ಲ?" ಅವ್ವ ಕೇಳಿದಳು. "ಹಸಿವಿಲ್ಲ" ಅಂದೆ. "ಎಂಟ ದಿವಸ ಆತು, ಹಸಿವಿಲ್ಲಂತ. ಏನ ಮಾಡಿ ಬಂದಿ?" ಮಾಡಿ ಬಂದದ್ದು ಇದೆ ಎಂದು ಅವಳಿಗೆ ಹೇಗೆ ತಿಳಿಯಿತೋ. ಅವಳ ಮುಂದೆ ಎಲ್ಲ ಹೇಳಿಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. "ನಾಳಿ ಆ ಸಾಲಿಗೆ ಹೋಗು" ಅಂದಳು, ಅಷ್ಟೇ.

ಮರುದಿನ ರಜೆ ಹಾಕಿ ಬಸ್ಸು ಹತ್ತಿದೆ. ಪೀರನವಾಡಿ ದಾಟುವುದರೊಳಗೆ ಕಿಟಕಿಯಿಂದ ಇರಚಲು ಹೊಡೆಯತೊಡಗಿತು. ಖಾನಾಪುರದಲ್ಲಿ ಇಳಿದು ಟಂಟಂ ಆಟೋ ಹಿಡಿದೆ. ಊರು ಹತ್ತಿರವಾದಷ್ಟೂ, ಶಾಲೆಯ ಮುಂದೆ ಜನ ಗುಂಪುಗೂಡಿದ್ದರೆ ಏನು ಮಾಡಲಿ ಎಂಬ ಒಂದೇ ಯೋಚನೆ.

ಜನ ಇರಲಿಲ್ಲ. ಮಕ್ಕಳು ಮಗ್ಗಿ ಹೇಳುವ ದನಿ ಕೇಳಿಸಿತು. ಮುಖ್ಯಶಿಕ್ಷಕಿ ನನಗಿಂತ ಹತ್ತು ವರ್ಷ ದೊಡ್ಡವರು, ಫೋನಿನಲ್ಲಿ ಮಾತ್ರ ಪರಿಚಯ. "ಬರ್ರಿ ಮೇಡಂ, ಕುಂದರ್ರಿ. ಆ ಕಡೆ ಬ್ಯಾಡ, ಈ ಕಡೆ" ಎಂದು ಕುರ್ಚಿಯನ್ನು ಗೋಡೆಯ ಸಮೀಪಕ್ಕೆ ಎಳೆದರು. ಆ ಕಡೆ ತೊಲೆ ನಡುವಿನಲ್ಲಿ ಬಾಗಿತ್ತು. ಅದಕ್ಕೆ ಒಂದು ಕಂಬ ಆನಿಸಿದ್ದರು. ಇಪ್ಪತ್ತರಷ್ಟು ಮಕ್ಕಳು ಈ ಕಡೆಯ ಅರ್ಧದಲ್ಲಿ ಒತ್ತಿಕೊಂಡು ಕೂತಿದ್ದರು.

ಮೇಲೆ ಎಲ್ಲೋ 'ಚಟ್' ಎಂದಿತು. ನಾನು ಎದ್ದು ನಿಂತುಬಿಟ್ಟೆ. ಮಕ್ಕಳು ಯಾರೂ ಮೇಲೆ ನೋಡಲಿಲ್ಲ. ಒಬ್ಬ ಹುಡುಗಿಯ ಪುಸ್ತಕದ ಮೇಲೆ ಗೆದ್ದಲ ಮಣ್ಣು ಉದುರಿತು. ಅವಳು ಉಫ್ ಎಂದು ಊದಿ ಬರೆಯುವುದನ್ನು ಮುಂದುವರಿಸಿದಳು.

"ತಪ್ಪು ನಂದ್ರಿ" ಅಂದೆ. ಸಂಖ್ಯೆಯ ಸಂಗತಿಯನ್ನೆಲ್ಲ ಹೇಳಿದೆ.

ಅವರು ಬಾಗಿದ ತೊಲೆಯನ್ನೊಮ್ಮೆ ನೋಡಿದರು. ಆಮೇಲೆ, "ಯಾವತ್ತು ಗೊತ್ತಾತ್ರಿ ನಿಮಗ?"

"ಪಟ್ಟಿ ಬಂದ ದಿನಾನ."

"ಅಂದ್ರ ನಾ ಫೋನ್ ಮಾಡಿದಾಗ ಗೊತ್ತಿತ್ತು."

ಹೌದೆಂದೆ. ಅವರು ಬಾಗಿಲ ಕಡೆ ಕೈ ತೋರಿದರು. "ದಿನಾ ಈ ಹುಡುಗ್ರನ್ನ ಒಳಗ ಕಳಿಸಿ ನಾ ಬಾಗಲದಾಗ ನಿಂತಿರತೀನ್ರಿ ಮೇಡಂ. ಬಿದ್ರ ಮೊದಲ ಯಾರನ್ನ ಎಳೀಬೇಕಂತ ಲೆಕ್ಕಾ ಹಾಕ್ಕೋತ" ಅಂದರು. ಬೈದಿದ್ದರೆ ಚೆನ್ನಾಗಿತ್ತು. "ಇರಲಿ. ಬರ್ರಿ, ಗುರೂಜಿ ಕಡೆ ಹೋಗೂಣು."

ಮರಾಠಿ ಶಾಲೆಯ ಮುಖ್ಯಶಿಕ್ಷಕರನ್ನು ಊರೆಲ್ಲ ಗುರೂಜಿ ಎನ್ನುತ್ತದೆ. ನಿವೃತ್ತಿಗೆ ಹತ್ತಿರವಾದ ತೆಳ್ಳನೆಯ ಮನುಷ್ಯ. ಕೇಳಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಾವು ಅರ್ಜಿನ ಹಾಕಿದ್ದಿಲ್ಲ ಮೇಡಂ. ತಪ್ಪಿ ಬಂದೈತಿ ಅಂತ ನನಗ ಗೊತ್ತಿತ್ತು."

"ಮತ್ತ ಹೇಳಲಿಲ್ಲಲ್ಲರೀ ಗುರೂಜಿ?" ಮುಖ್ಯಶಿಕ್ಷಕಿಯ ದನಿ ಏರಿತು.

"ಖರೇ ಹೇಳಲೇನ್ರಿ ಅಕ್ಕೋರ? ಅಂಜಿದೆ. ನಮ್ಮ ಕಮಿಟಿಯವರು ಕಾಯಿ ಒಡದು ಜಾಗಾಕ್ಕ ಸುಣ್ಣದ ಗೆರಿ ಹಾಕ್ಯಾರ. ಈಗ ಬ್ಯಾಡ ಅಂದ್ರ ನಮ್ಮ ಮಂದಿನ ನನ್ನ ಬಿಡೂದಿಲ್ಲ."

ಇಷ್ಟು ದಿನ ಅವರೂ ನನ್ನ ಹಾಗೆಯೇ ವಿಷಯ ಮುಚ್ಚಿಟ್ಟಿದ್ದರು. ಅಷ್ಟೂ ದಿನ ಆ ಮಕ್ಕಳು ತೊಲೆಯ ಕೆಳಗೆ ಕೂತಿದ್ದರು.

ತಮ್ಮ ಶಾಲಾ ಸಮಿತಿಯ ಆರೇಳು ಜನರನ್ನು ಗುರೂಜಿ ಕರೆಸಿದರು. ಅವರ ಮುಂದೆ ನೀವೇ ಹೇಳಬೇಕು ಎಂದು ನನಗೆ ಮೊದಲೇ ಹೇಳಿಬಿಟ್ಟರು. ಅನಗೋಳದ ಓಣಿಯಲ್ಲಿ ಕಲಿತ ಮರಾಠಿಯಲ್ಲಿ, "ಚೂಕ್ ಮಾಝೀ ಆಹೆ" ಎಂದೆ, ತಪ್ಪು ನನ್ನದು ಎಂದು. ಒಬ್ಬ ಮನುಷ್ಯ ಎದ್ದು ನನ್ನ ಸಮೀಪ ಬಂದ. ತಪ್ಪೋ, ಮೇಲಿನವರು ನಿನಗೆ ಕಲಿಸಿ ಕಳಿಸಿದ್ದೋ ಎಂದು ಕೇಳಿದ. ನನ್ನ ಹೆಸರು, ಅಡ್ಡಹೆಸರು ಕೇಳಿದ. ಮೊಬೈಲ್ ಎತ್ತಿ ನನ್ನ ಫೋಟೊ ತೆಗೆದ. ಅದು ಎಲ್ಲಿಗೆ ಹೋಗುತ್ತದೋ ಎಂದು ಅಂಜಿದೆ.

ಗುರೂಜಿ ನಡುವೆ ಬಂದರು. ಅವನ ಕೈ ಹಿಡಿದು ಕನ್ನಡ ಶಾಲೆಯ ಒಳಗೆ ಕರೆದುಕೊಂಡು ಹೋಗಿ, ಆ ತೊಲೆಯ ಕೆಳಗೆ ನಿಲ್ಲಿಸಿದರು. ಅವನು ಮೇಲೆ ನೋಡಿ ಬೇಗನೇ ಹೊರಗೆ ಬಂದ. ಆದರೂ ಕೋಣೆ ಬಿಟ್ಟುಕೊಡುತ್ತೇವೆ ಎಂದು ಸಮಿತಿಯವರು ಬರೆದುಕೊಡಲಿಲ್ಲ. ಕಚೇರಿ ಬೇಕಾದ್ದು ಮಾಡಲಿ ಎಂದರು. ಮಳೆಗಾಲ ಮುಗಿಯುವವರೆಗೆ ಕನ್ನಡ ಶಾಲೆಯ ಮಕ್ಕಳು ಮರಾಠಿ ಶಾಲೆಯ ಪಡಸಾಲೆಯಲ್ಲಿ ಕೂರಲಿ ಎಂಬುದಕ್ಕೆ ಮಾತ್ರ ಒಪ್ಪಿದರು. ಅಂದೇ ಮಕ್ಕಳು ತಮ್ಮ ತಮ್ಮ ಚೀಲ ಹೊತ್ತು ಅಂಗಳ ದಾಟಿದರು.

ಮರುದಿನ ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, "ಇಷ್ಟ ದಿನಾ ಯಾಕ ಬಾಯಿ ಮುಚ್ಚಿದ್ರಿ?" ಎಂದರು. ಸಂಜೆಗೆ ಕಾರಣ ಕೇಳುವ ನೋಟಿಸು ಮೇಜಿಗೆ ಬಂತು. ತಿದ್ದುಪಡಿಯ ಪತ್ರವನ್ನೂ ಅವರು ನನ್ನಿಂದಲೇ ಬರೆಸಿದರು.

ಎರಡು ವಾರ ಕಳೆದ ಮೇಲೆ, ಒಂದು ರವಿವಾರ ಮಧ್ಯಾಹ್ನ, ಮುಖ್ಯಶಿಕ್ಷಕಿಯ ಫೋನ್ ಬಂತು. "ಬಿತ್ತರೀ ಮೇಡಂ" ಅಂದರು. ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಅವರು ಅಳುತ್ತಿದ್ದರು. ಅಳುವಿನ ನಡುವೆ, "ಯಾರೂ ಇದ್ದಿಲ್ಲ, ಯಾರೂ ಇದ್ದಿಲ್ಲರೀ" ಎಂಬುದು ಕೇಳಿಸುವವರೆಗೆ ಎಷ್ಟು ಹೊತ್ತು ಹೋಯಿತೋ ತಿಳಿಯದು. ಕಂಬ ಮುರಿದು, ನಡುವಿನಿಂದ ಹಂಚೆಲ್ಲ ಒಳಗೆ ಬಂದಿತ್ತಂತೆ. ಮಕ್ಕಳು ಒತ್ತಿಕೊಂಡು ಕೂರುತ್ತಿದ್ದ ಕಡೆಯೂ ಉಳಿದಿರಲಿಲ್ಲ.

ಸಮಿತಿಯವನು ತೆಗೆದ ನನ್ನ ಫೋಟೊ ಯಾರಿಗೂ ಹೋದಂತಿಲ್ಲ, ಯಾರೂ ನನ್ನನ್ನು ಹುಡುಕಿಕೊಂಡು ಬರಲಿಲ್ಲ. ಮಾರ್ಚಿನಲ್ಲಿ ನನ್ನ ಗುತ್ತಿಗೆಯ ಕಾಗದಕ್ಕೆ ಕಡೆಯ ದಿನ ಸಹಿಯಾಯಿತು. ನೌಕರಿ ಹೋಗುತ್ತದೆಂದು ಆ ತಿಂಗಳೆಲ್ಲ ದಿನವೂ ಮೇಜಿನ ಖಾನೆಯಲ್ಲಿದ್ದ ಸಾಮಾನನ್ನು ಒಂದಿಷ್ಟು ಮನೆಗೆ ಒಯ್ಯುತ್ತಿದ್ದೆ.

ತಿದ್ದುಪಡಿ ಮಂಜೂರಾಗಿ ಕನ್ನಡ ಶಾಲೆಗೆ ಕೋಣೆ ಬರಲು ಮತ್ತೊಂದು ವರ್ಷ ಹಿಡಿಯಿತು. ಮಳೆಗಾಲ ಮುಗಿದರೂ ಅಲ್ಲಿಯವರೆಗೆ ಮಕ್ಕಳು ಗುರೂಜಿಯ ಶಾಲೆಯ ಪಡಸಾಲೆಯಲ್ಲೇ ಉಳಿದರು. ಉದ್ಘಾಟನೆಗೆ ಹೋಗಿದ್ದೆ. ಗುರೂಜಿ ಬಂದಿದ್ದರು, ಅವರ ಸಮಿತಿಯವರು ಯಾರೂ ಬಂದಿರಲಿಲ್ಲ. ಮುಖ್ಯಶಿಕ್ಷಕಿ ಎಲ್ಲರ ಎದುರು ನನಗೆ ಶಾಲು ಹೊದಿಸಲು ಬಂದಾಗ ನಾನು ಹಿಂದೆ ಸರಿದೆ. ಅವರು ಒತ್ತಾಯ ಮಾಡಲಿಲ್ಲ. ಶಾಲನ್ನು ಮಡಚಿ ಗುರೂಜಿಯ ಹೆಗಲಿಗೆ ಹಾಕಿದರು.